ಕತ್ತಲೆ ಮನೆಯ ಮೇಲಿನ ಆರೋಪ

ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುವವರನ್ನು ಕಾರಣ ಕೇಳಿದರೆ ಮೊದಲು ಬರುವ ಉತ್ತರ ಬಹುತೇಕ ಒಂದೇ: ಒಳಗೆಲ್ಲ ಕತ್ತಲೆ. ಬಾಗಿಲು ಗಿಡ್ಡ, ತಲೆ ಬಡಿಯುತ್ತದೆ. ಹೊಸ್ತಿಲು ಎತ್ತರ, ವಯಸ್ಸಾದವರು ಎಡವುತ್ತಾರೆ. ಬಚ್ಚಲು ಹಿತ್ತಲ ಕೊನೆಯಲ್ಲಿದೆ, ರಾತ್ರಿ ಹೋಗುವುದು ಕಷ್ಟ. ಇವೆಲ್ಲ ಆಮೇಲಿನ ದೂರುಗಳು. ಇವಕ್ಕೆ ರಿಪೇರಿ ಉಂಟು. ಕತ್ತಲೆಗೆ ಮಾತ್ರ ಮನೆಯನ್ನೇ ಉರುಳಿಸುವ ಶಿಕ್ಷೆ. ಬೆಳಕು ಬೇಕೆನ್ನುವುದು ಮನುಷ್ಯಸಹಜ, ಅದಕ್ಕೆ ಇತಿಹಾಸವೆಲ್ಲಿಂದ ಬಂತು ಎಂದು ಕೇಳಬಹುದು. ಆದರೆ ಮನೆಯೊಳಗಿನ ಮಬ್ಬನ್ನು ದೋಷವೆಂದು, ರೋಗದ ಬೀಡೆಂದು, ಕೊನೆಗೆ ಹಿಂದುಳಿದವರ ಗುರುತೆಂದು ನೋಡುವ ದೃಷ್ಟಿ ಕನ್ನಡ ನಾಡಿನಲ್ಲಿ ತೀರಾ ಹಳೆಯದಲ್ಲ. ಅದು ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ಲೇಗಿನ ಬೆನ್ನಿಗೆ, ಸರ್ಕಾರಿ ಹುಕುಮಿನ ರೂಪದಲ್ಲಿ. ಹುಕುಮಿನ ಹಿಂದಿದ್ದ ವಿಜ್ಞಾನ ಹತ್ತು ವರ್ಷಗಳಲ್ಲಿ ಬದಲಾಯಿತು. ಹುಕುಮು ಹುಟ್ಟಿಸಿದ ಅಸಹ್ಯ ಮಾತ್ರ ಉಳಿದುಕೊಂಡಿತು. ಆ ಭರದಲ್ಲಿ ಕತ್ತಲೆಯ ಜೊತೆಗೆ ಮನೆಯ ತಂಪನ್ನೂ ಆಚೆ ಹಾಕಿದೆವು. ಕತ್ತಲೆಯಲ್ಲಿ ನಿಜವಾಗಿ ನರಳುತ್ತಿದ್ದವರ ದೂರನ್ನು ಕೇಳಿಸಿಕೊಳ್ಳಲೂ ಇಲ್ಲ. ಇದು ನನ್ನ ವಾದ.

ಆ ಕತ್ತಲೆ ತಿಳಿಯದೆ ಆದದ್ದಲ್ಲ. ರಾಯಚೂರು, ಕಲಬುರಗಿ, ವಿಜಯಪುರ ಸೀಮೆಯ ಮಾಳಿಗೆ ಮನೆಯನ್ನೇ ನೋಡಿ. ಎರಡು ಮೂರು ಅಡಿ ದಪ್ಪದ ಮಣ್ಣಿನ ಇಲ್ಲವೇ ಕಲ್ಲಿನ ಗೋಡೆ. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಡ್ಡಿ ಸೊಪ್ಪು ಹಾಸಿ ಹೇರಿದ ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯದಂತೆ ಸವಳು ಮಣ್ಣು. ಬೀದಿಯ ಕಡೆ ಕಿಟಕಿ ಇಲ್ಲ, ಇದ್ದರೂ ಗೇಣಗಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳಲ್ಲಿ ಹಗಲಿನ ಗಾಳಿಯೇ ಶತ್ರು. ಅದನ್ನು ಒಳಗೆ ಬಿಟ್ಟುಕೊಂಡರೆ ಬೆಳಕಿನ ಜೊತೆ ಝಳವೂ ಬರುತ್ತದೆ. ಗೋಡೆಯ ಹೊರಮೈಗೆ ಬಿದ್ದ ಮಧ್ಯಾಹ್ನದ ಕಾವು ಒಳಮೈ ಮುಟ್ಟುವಷ್ಟರಲ್ಲಿ ರಾತ್ರಿಯಾಗಿರುತ್ತದೆ. ಆ ಹೊತ್ತಿಗೆ ಮನೆಯವರು ಮಾಳಿಗೆ ಹತ್ತಿ ಮಲಗಿರುತ್ತಾರೆ. ಅಡುಗೆಮನೆಯ ನೆತ್ತಿಯಲ್ಲಿ, ನಡುಮನೆಯ ನೆತ್ತಿಯಲ್ಲಿ ಒಂದೊಂದು ಬೆಳಕಿಂಡಿ. ಮೇಲಿನಿಂದ ಇಳಿಯುವ ಬೆಳಕು ಕೋಲಿನಷ್ಟೇ ಇದ್ದರೂ ರೊಟ್ಟಿ ಬಡಿಯಲು ಸಾಕು, ಕಾಳು ಹಸನು ಮಾಡಲು ಸಾಕು. ಮಳೆ ಬಂದರೆ ಅದರ ಮೇಲೊಂದು ಕಲ್ಲುಚಪ್ಪಡಿ ಎಳೆದರಾಯಿತು. ಬೆಳಕನ್ನು ಅರಿಯದವರು ಮಾಡುವ ಕೆಲಸವಲ್ಲ ಇದು. ಎಷ್ಟು ಬೇಕೋ ಅಷ್ಟನ್ನು ಅಳೆದು ಒಳಗೆ ಬಿಟ್ಟುಕೊಂಡವರ ಕೆಲಸ.

ಶೆಕೆಗಿಂತ ದೊಡ್ಡ ಕಾರಣವೂ ಇತ್ತು. ಟಿಪ್ಪುವಿನ ಪತನದ ಬೆನ್ನಿಗೇ 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಣ್ಣಿನ ಕೋಟೆ ಮತ್ತು ಮುಳ್ಳುಬೇಲಿ ಕಟ್ಟಿಕೊಂಡ ಹಳ್ಳಿಗಳನ್ನು ಮತ್ತೆ ಮತ್ತೆ ಕಂಡು ಬರೆದಿದ್ದಾನೆ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ದುಂಡನೆಯ ಕಾವಲು ಹುಡೇವುಗಳು ಇವತ್ತಿಗೂ ನಿಂತಿವೆ; ಕುದುರೆ ಸವಾರರು ಬರುತ್ತಿದ್ದಾರೆಯೇ ಎಂದು ಕಾಯಲು ಕಟ್ಟಿದವು. ದಂಡು ಬಂದರೂ ಲೂಟಿ, ದಂಡು ಹೋದರೂ ಲೂಟಿ ಎಂಬ ಕಾಲದಲ್ಲಿ ಬೀದಿಗೆ ಕಿಟಕಿ ತೆರೆದಿಡುವ ಧೈರ್ಯ ಯಾರಿಗಿತ್ತು? ಹಳೆಯ ಮೈಸೂರಿನ ಮನೆಗಳ ಬಗ್ಗೆ ಗೆಜೆಟಿಯರ್‌ಗಳು ಹೇಳುವುದೂ ಇದನ್ನೇ: ಹೊರಗೋಡೆಗೆ ಬಾಗಿಲು ಬಿಟ್ಟರೆ ಬೇರೆ ತೆರವು ಇಲ್ಲವೆಂಬಷ್ಟು ಕಡಿಮೆ, ಒಳಗೆ ಮಾತ್ರ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕಂಬಸಾಲು. ತೊಟ್ಟಿ ಮನೆ ಎಂದು ನಾವು ಕರೆಯುವ ಈ ಮನೆ ಬೀದಿಗೆ ಬೆನ್ನು ಹಾಕಿ ತನ್ನ ಬೆಳಕನ್ನು ತಾನೇ ಮೇಲಿನಿಂದ ತರಿಸಿಕೊಳ್ಳುತ್ತದೆ. ಮಲೆನಾಡಿನ ಕತ್ತಲೆಗೆ ಕಾರಣವೇ ಬೇರೆ. ಅಲ್ಲಿ ವೈರಿ ಬಿಸಿಲಲ್ಲ, ಮಳೆ. ಇರಿಚಲು ಹೊಡೆದು ಮಣ್ಣಿನ ಗೋಡೆ ಕರಗದಂತೆ ಸೂರನ್ನು ಎದೆಯೆತ್ತರಕ್ಕೆ ಇಳಿಸಬೇಕು. ಸೂರು ಇಳಿದರೆ ಜಗಲಿಯ ಆಚೆಗಿನ ಕೋಣೆಗಳಿಗೆ ಹಗಲೇ ಮುಸ್ಸಂಜೆ. ಬಯಲುಸೀಮೆಯ ಮಬ್ಬು, ಘಟ್ಟದ ಮಬ್ಬು ಎರಡನ್ನೂ ಒಂದೇ ಹೆಸರಿನಿಂದ ಬೈಯುವುದೇ ಒಂದು ಅನ್ಯಾಯ.

ಇಂಥ ಮನೆಗಳ ಮೇಲೆ ಮೊದಲ ಬಾರಿಗೆ ಸರ್ಕಾರದ ಕಣ್ಣು ಬಿದ್ದದ್ದು 1896ರ ನಂತರ. ಆ ವರ್ಷ ಮುಂಬಯಿಗೆ ಪ್ಲೇಗು ಬಂತು. ರೈಲು ಹಿಡಿದು ಹುಬ್ಬಳ್ಳಿ, ಧಾರವಾಡಕ್ಕೆ ಇಳಿಯಿತು. 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ರೋಗಾಣುವನ್ನು ಯೆರ್ಸಿನ್ 1894ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಆದರೆ ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಅಧಿಕಾರಿಗಳಿಗೆ ಇನ್ನೂ ಖಚಿತವಿರಲಿಲ್ಲ. ಕೊಳಕು, ತೇವ, ಕೆಟ್ಟ ಗಾಳಿ, ಬಿಸಿಲು ಬೀಳದ ಮೂಲೆ—ರೋಗ ಅಲ್ಲಿ ಮನೆ ಮಾಡಿಕೊಂಡಿದೆ ಎಂಬುದು ಅವರ ಗಟ್ಟಿ ನಂಬಿಕೆ. 1897ರ ಸಾಂಕ್ರಾಮಿಕ ರೋಗ ಕಾಯ್ದೆ ಯಾರ ಮನೆಗೆ ಬೇಕಾದರೂ ನುಗ್ಗುವ ಅಧಿಕಾರ ಕೊಟ್ಟಿತ್ತು. ಮುಂಬಯಿಯಲ್ಲಿ ಹೆಂಚು ಕಿತ್ತು ಚಾವಣಿಗೆ ಕಿಂಡಿ ಕೊರೆದರು. ಒಳಗೋಡೆಗಳಿಗೆ ಸುಣ್ಣ, ನೆಲಕ್ಕೆ ಔಷಧದ ನೀರು. ತೀರಾ ಕೆಟ್ಟದ್ದೆಂದು ಕಂಡ ಮನೆಗೆ ವಾಸಯೋಗ್ಯವಲ್ಲ ಎಂಬ ಅರ್ಥದ ಮೂರು ಇಂಗ್ಲಿಷ್ ಅಕ್ಷರಗಳನ್ನು ಬಳಿದು ಹೋದರು. ಪುಣೆಯಲ್ಲಿ ಈ ದಬ್ಬಾಳಿಕೆಗೆ ರೊಚ್ಚಿಗೆದ್ದ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಕೊಂದದ್ದು ಎಲ್ಲರಿಗೂ ಗೊತ್ತು. ಮೈಸೂರು ಸಂಸ್ಥಾನದಲ್ಲಿ ಅಷ್ಟು ರಂಪವಾಗಲಿಲ್ಲ, ಆದರೆ ದಿಕ್ಕು ಅದೇ. 1890ರ ದಶಕದಲ್ಲಿ ಯೋಜನೆಗೊಂಡಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಪ್ಲೇಗಿನ ನಂತರ ಜನ ಹರಿದುಬಂದರು: ಅಗಲ ರಸ್ತೆ, ಮನೆಮನೆಗೆ ನಡುವೆ ತೆರವು, ಗೋಡೆಗೆ ಕಿಟಕಿ. ಪೇಟೆಯ ಒತ್ತೊತ್ತು ಮನೆ ರೋಗದ ಪಾಲಾಯಿತು, ಬಡಾವಣೆಯ ಬಿಡಿ ಮನೆ ಆರೋಗ್ಯದ ಪಾಲಾಯಿತು. ಮೈಸೂರಿನಲ್ಲಿ 1903ರಲ್ಲಿ ಇದೇ ಉದ್ದೇಶಕ್ಕೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿತು.

ಅಧಿಕಾರಿಗಳು ಕತ್ತಲೆಯನ್ನು ಹುಡುಕುತ್ತಿದ್ದಾಗ ಹಳ್ಳಿಯ ಜನ ಇನ್ನೊಂದನ್ನು ನೋಡುತ್ತಿದ್ದರು. ಅಟ್ಟದಿಂದ ಇಲಿ ಬಿದ್ದು ಸತ್ತರೆ ಮನೆ ಬಿಡಬೇಕು. ಇಷ್ಟೇ ಅವರ ಶಾಸ್ತ್ರ. ಇಲಿ ಬಿತ್ತೆಂದು ಸುದ್ದಿಯಾದರೆ ಇಡೀ ಊರು ಗಂಟುಮೂಟೆ ಕಟ್ಟಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಿತ್ತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ ಓದಿದವರಿಗೆ ಆ ಪ್ಲೇಗಿನ ಗುಡಿಸಲುಗಳು ನೆನಪಿರುತ್ತವೆ. ಗಮನಿಸಬೇಕಾದ್ದು ಏನೆಂದರೆ, ಅವರು ಓಡಿಹೋದದ್ದು ಕತ್ತಲೆ ಮನೆಯಿಂದ ಬೆಳಕಿನ ಮನೆಗಲ್ಲ. ಇಲಿ ಇರುವ ಮನೆಯಿಂದ ಇಲಿ ಇಲ್ಲದ ಗರಿಯ ಗುಡಿಸಲಿಗೆ. ರೋಗ ತಗ್ಗಿದ ಮೇಲೆ ಅದೇ ಕತ್ತಲೆ ಮನೆಗೆ ಮರಳಿದರು. ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ, ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆ ಎಂದಾಗ ವಿದ್ವಾಂಸರು ಅವನ ಮಾತಿಗೆ ಬೆಲೆ ಕೊಡಲಿಲ್ಲ. 1905ರಿಂದ ಆಚೆಗೆ ಮುಂಬಯಿಯಲ್ಲಿ ಪ್ಲೇಗ್ ಆಯೋಗದವರು ಮಾಡಿದ ಪ್ರಯೋಗಗಳು ವಿಷಯವನ್ನು ಇತ್ಯರ್ಥಗೊಳಿಸಿದವು. ಆ ಪ್ರಯೋಗಗಳಲ್ಲಿ ಕನ್ನಡಿಗರಿಗೆ ಕುತೂಹಲವೆನ್ನಿಸುವ ಒಂದು ಸಂಗತಿ ಇದೆ. ನಮ್ಮ ಮನೆಗಳ ಮಾದರಿಯಲ್ಲಿ ಅವರು ಸಣ್ಣ ಸಣ್ಣ ಕೊಠಡಿ ಕಟ್ಟಿದರು. ಕೆಲವಕ್ಕೆ ನಾಡಹೆಂಚು, ಕೆಲವಕ್ಕೆ ಮಂಗಳೂರು ಹೆಂಚು, ಒಳಗೆ ಗಿನಿಪಿಗ್‌ಗಳು. ಒಂದರ ಮೇಲೊಂದು ಕವುಚಿದ ನಾಡಹೆಂಚಿನ ಸಂದಿ ಇಲಿಗೆ ಹೇಳಿ ಮಾಡಿಸಿದ ಗೂಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಕಾರ್ಖಾನೆಯ ಚಪ್ಪಟೆ ಹೆಂಚಿನಲ್ಲಿ ಅಂಥ ಟೊಳ್ಳು ಇಲ್ಲ. ಚಿಗಟವನ್ನು ತಡೆದರೆ, ರೋಗ ಹತ್ತಿದ ಪ್ರಾಣಿಯ ಪಕ್ಕದಲ್ಲೇ ಇಟ್ಟರೂ ಆರೋಗ್ಯವಂತ ಪ್ರಾಣಿಗೆ ರೋಗ ಬರಲಿಲ್ಲ. ಚಿಗಟಕ್ಕೆ ದಾರಿ ಬಿಟ್ಟರೆ ಬಂತು. ಕೊಳಕಿಗೂ ಪ್ಲೇಗಿಗೂ ನೇರ ಸಂಬಂಧವಿಲ್ಲ, ಇಲಿ ನೆಲೆಸಲು ಎಷ್ಟು ಅನುಕೂಲ ಮಾಡಿಕೊಡುತ್ತದೋ ಅಷ್ಟೇ ಅದರ ಪಾತ್ರ ಎಂದು ಆಯೋಗ ತೀರ್ಮಾನಿಸಿತು.

ಇಲ್ಲಿಗೆ ಕತ್ತಲೆಯ ಮೇಲಿನ ಮೊಕದ್ದಮೆ ಬಿದ್ದುಹೋಗಬೇಕಿತ್ತು. ಇಲಿ ಬರುವುದು ಕಾಳಿಗೆ, ಅಡಗುವುದು ಗೋಡೆಯ ಬಿಲದಲ್ಲಿ, ಹೆಂಚಿನ ಸಂದಿಯಲ್ಲಿ. ಮೂಟೆ ಮೂಟೆ ರಾಗಿ ಒಟ್ಟಿಟ್ಟ ಮನೆಗೆ ಎಷ್ಟು ಕಿಟಕಿ ಇಟ್ಟರೇನು? ಹೊಸ ತಿಳಿವಳಿಕೆಯ ಮೇಲೆಯೇ ಕಟ್ಟಿದ ಊರೊಂದು ಬೆಂಗಳೂರಿನಲ್ಲಿದೆ. ದಂಡು ಪ್ರದೇಶದಲ್ಲಿ 1910ರ ಹೊತ್ತಿಗೆ ಎದ್ದ ಫ್ರೇಜರ್ ಟೌನನ್ನು ಪ್ಲೇಗು ಮುಟ್ಟದ ಊರು ಎಂದೇ ಕರೆಯುತ್ತಿದ್ದರು. ಅದನ್ನು ರೂಪಿಸಿದ ಜೆ.ಎಚ್. ಸ್ಟೀಫನ್ಸ್ ಆ ಅನುಭವವನ್ನು 1914ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಇಲಿ ಕೊರೆದು ಒಳಬರದ ಮನೆ ಕಟ್ಟುವುದು ಅಲ್ಲಿನ ಮುಖ್ಯ ಚಿಂತೆ. ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ನೆಲ ಮತ್ತು ಹೆಂಚಿನ ಈ ಲೆಕ್ಕಾಚಾರವಲ್ಲ. ಕತ್ತಲೆಯೇ ರೋಗ ಎಂಬ ಹತ್ತು ವರ್ಷ ಹಿಂದಿನ ಪಾಠವೇ. ಅದಕ್ಕೆ ಕಾರಣ ಆರೋಗ್ಯವಲ್ಲ, ಅಂತಸ್ತು. ಅಷ್ಟರಲ್ಲಿ ಬೆಳಕಿನ ಮನೆ ಎಂದರೆ ಬಂಗಲೆ ಎಂದಾಗಿತ್ತು. ಬಂಗಲೆಯಲ್ಲಿ ಇರುವವರು ವಕೀಲರು, ಡಾಕ್ಟರು, ಹುಜೂರು ಕಚೇರಿಯ ಅಧಿಕಾರಿಗಳು. ಶಿವನಸಮುದ್ರದ ವಿದ್ಯುತ್ತು 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮನೆಯೊಳಗೆ ದೀಪ ಹಾಕಿಸಿಕೊಳ್ಳುವುದು ಪ್ರತಿಷ್ಠೆಯಾಯಿತು. ಕಿಟಕಿಯ ಮೇಲೆ ಮರದ ಪಟ್ಟಿಯ ಮಂಕಿಟಾಪ್ ಇಳಿಬಿಟ್ಟು ಬಿಸಿಲು ತಡೆದ ಆ ಬಂಗಲೆಗಳು ವಾಸ್ತವವಾಗಿ ತೊಟ್ಟಿ ಮನೆಯ ನೆರಳಿನ ಬುದ್ಧಿಯನ್ನೇ ಮುಂದುವರಿಸಿದ್ದವು ಎಂಬುದು ಬೇರೆ ಮಾತು. ಮುಂದಿನ ತಲೆಮಾರು ಕಿಟಕಿಯನ್ನು ಉಳಿಸಿಕೊಂಡು ಮಂಕಿಟಾಪನ್ನು ತೆಗೆಯಿತು.

ಬೆಳಕಿನ ಹೆಸರಿನಲ್ಲಿ ಹಳೆಯ ಮನೆ ಕೆಡವುವುದನ್ನು ಆ ಕಾಲದಲ್ಲಿಯೇ ಕಂಡು ಕೊರಗಿದವನು ಒಬ್ಬನಿದ್ದ. ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದು ಮದ್ರಾಸ್ ಪ್ರಾಂತದ ಊರುಗಳನ್ನು ಸುತ್ತಿದ, ಬಳ್ಳಾರಿಯೂ ಅವುಗಳಲ್ಲೊಂದು. ಕೊಳಚೆ ನಿರ್ಮೂಲನೆಯ ಹೆಸರಿನಲ್ಲಿ ನಡುಪೇಟೆ ಸೀಳಿ ನೆಟ್ಟಗೆ ರಸ್ತೆ ಹೊಡೆಯುವ ಎಂಜಿನಿಯರುಗಳನ್ನು ಅವನು ಕಟುವಾಗಿ ಟೀಕಿಸಿದ. ತೀರಾ ಬಿದ್ದುಹೋಗಿರುವ ಒಂದೆರಡು ಮನೆ ತೆಗೆದು ಅಲ್ಲೊಂದು ತೆರವು ಮಾಡಿ, ಮರ ನೆಡಿ, ಬಾವಿಯ ಕಟ್ಟೆ ಸರಿಮಾಡಿ, ಉಳಿದದ್ದನ್ನು ಮುಟ್ಟಬೇಡಿ ಎಂಬುದು ಅವನ ಸಲಹೆ. ಕೇಳಿದವರು ಕಡಿಮೆ.

ನನ್ನ ಈ ವಾದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಪ್ಲೇಗಿನ ಮಾತು ಬಿಡಿ, ಕ್ಷಯದ ಕಥೆ ಏನು? ಕೋಖ್ 1882ರಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದ; ಬಿಸಿಲಿಗೆ ಅದು ಸಾಯುತ್ತದೆ ಎಂದು ತೋರಿಸಿದವನೂ ಅವನೇ. ಗಾಳಿಯಾಡದ ಕೋಣೆಯಲ್ಲಿ ಕೆಮ್ಮುವವನ ಪಕ್ಕ ಹತ್ತು ಜನ ಮಲಗಿದರೆ ರೋಗ ಹರಡದೆ ಇರುತ್ತದೆಯೇ? ಹಾಗಾದರೆ ಕತ್ತಲೆಯನ್ನು ದ್ವೇಷಿಸಿದ್ದು ಸರಿಯೇ ಅಲ್ಲವೇ? ಅರ್ಧ ಸರಿ. ಕ್ಷಯಕ್ಕೆ ಬೇಕಾದ ಮದ್ದು ಗಾಳಿಯ ಓಡಾಟ ಮತ್ತು ಕಡಿಮೆ ನೂಕುನುಗ್ಗಲು. ಬೆಳಕು ಅವುಗಳ ಜೊತೆಗೆ ಬರಬಹುದು, ಬಾರದೆಯೂ ಇರಬಹುದು. ಮುಚ್ಚಿದ ಗಾಜಿನ ಕಿಟಕಿಯಲ್ಲಿ ಬೆಳಕು ಬರುತ್ತದೆ, ಗಾಳಿ ಬರುವುದಿಲ್ಲ. ಬಿಸಿಲಿನಲ್ಲಿ ರೋಗಾಣುವನ್ನು ಕೊಲ್ಲುವ ಕಿರಣಗಳನ್ನು ಗಾಜು ಬಹುಮಟ್ಟಿಗೆ ತಡೆದುಬಿಡುತ್ತದೆ. ತೆರೆದ ತೊಟ್ಟಿಯಾದರೋ ಮಬ್ಬನ್ನು ಉಳಿಸಿಕೊಂಡೇ ಬಿಸಿಗಾಳಿಯನ್ನು ಮೇಲಕ್ಕೆ ಹೊರಹಾಕುತ್ತದೆ. ಮೈಸೂರಿನ ಕ್ಷಯದ ಆಸ್ಪತ್ರೆಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಈ ಕಾಯಿಲೆ ಕತ್ತಲೆ ಮನೆಯನ್ನಷ್ಟೇ ಅಲ್ಲ, ಅರಮನೆಯನ್ನೂ ಬಿಡಲಿಲ್ಲ. ಬೇಕಾಗಿದ್ದದ್ದು ಹಳೆಯ ಮನೆಗೆ ಗಾಳಿಯ ದಾರಿ ಮಾಡಿಕೊಡುವುದು. ನಾವು ಮಾಡಿದ್ದು ಹಳೆಯ ಮನೆಯನ್ನೇ ಇಲ್ಲವಾಗಿಸುವುದು.

ಎರಡನೆಯ ಆಕ್ಷೇಪದ ಮುಂದೆ ನನ್ನ ವಾದ ಹೆಚ್ಚು ಬಾಗಬೇಕಾಗುತ್ತದೆ. ತಂಪು, ನೆರಳು, ರಕ್ಷಣೆ ಎಂದು ಹೊಗಳುವವರು ಆ ಮನೆಯಲ್ಲಿ ಹಗಲೆಲ್ಲ ಕಳೆದವರು ಯಾರೆಂದು ನೋಡಬೇಕು. ಗಂಡಸರು ಜಗಲಿಯಲ್ಲಿ, ಕಟ್ಟೆಯ ಮೇಲೆ, ಹೊಲದಲ್ಲಿ. ಕತ್ತಲೆಯ ತಳದಲ್ಲಿದ್ದವರು ಹೆಂಗಸರು. ಅಡುಗೆಮನೆ ಮನೆಯ ತೀರಾ ಹಿಂದೆ. ಒಲೆಗೆ ಹಸಿ ಸೌದೆ, ಬೆರಣಿ. ಹೊಗೆ ಹೋಗಲು ಅದೇ ಒಂದು ಬೆಳಕಿಂಡಿ, ಮಳೆಗಾಲದಲ್ಲಿ ಅದೂ ಮುಚ್ಚಿರುತ್ತದೆ. ಬಾಣಂತಿಯನ್ನು ಮಲಗಿಸುವುದು ಎಲ್ಲಕ್ಕಿಂತ ಕತ್ತಲೆಯ ಕೋಣೆಯಲ್ಲಿ, ಕೆಂಡದ ಅಗ್ಗಿಷ್ಟಿಕೆಯ ಪಕ್ಕ. ಹೊಗೆ ಅಟ್ಟದ ಮರಕ್ಕೆ ಹುಳು ಹಿಡಿಯದಂತೆ ಕಾಯುತ್ತಿತ್ತು ಎಂಬುದು ನಿಜ. ಅದೇ ಹೊಗೆ ಒಲೆ ಮುಂದೆ ಕೂತವರ ಕಣ್ಣು, ಶ್ವಾಸಕೋಶವನ್ನು ತಿನ್ನುತ್ತಿತ್ತು ಎಂಬುದೂ ನಿಜ. ಇದನ್ನು ಸಂಪ್ರದಾಯದ ಜಾಣ್ಮೆ ಎಂದು ಕರೆಯಲು ನಾನು ಸಿದ್ಧನಿಲ್ಲ. ಇನ್ನೂ ಒಂದು ಮಾತು ಸೇರಿಸಬೇಕು. ತೊಟ್ಟಿ ಮನೆ ಜಮೀನು ಇದ್ದವರ ಮನೆ. ಊರಾಚೆಯ ಕೇರಿಯ ಒಂಟಿ ಕೋಣೆಯ ಗುಡಿಸಲಿನಲ್ಲಿ ಕತ್ತಲೆ ಇತ್ತು, ತಂಪಿನ ದಪ್ಪ ಗೋಡೆಯಾಗಲಿ ಆಕಾಶದ ಅಂಗಳವಾಗಲಿ ಇರಲಿಲ್ಲ. ಅಲ್ಲಿದ್ದವರು ಕಿಟಕಿ ಬೇಕೆಂದರೆ ಅದಕ್ಕೆ ಪ್ಲೇಗ್ ಅಧಿಕಾರಿಯ ಪಾಠ ಬೇಕಿರಲಿಲ್ಲ.

ಆದರೆ ಈ ಆಕ್ಷೇಪವೇ ನನ್ನ ಮಾತಿನ ಇನ್ನೊಂದು ಅರ್ಧವನ್ನು ಸಾಬೀತು ಮಾಡುತ್ತದೆ. ಕತ್ತಲೆಯಿಂದ ನಿಜವಾಗಿ ಪೆಟ್ಟು ತಿಂದವರ ದೂರಿನಿಂದ ಕತ್ತಲೆ ಮನೆ ಅಪರಾಧಿಯಾಗಿದ್ದರೆ, ಸುಧಾರಣೆ ಅಡುಗೆಮನೆಯಿಂದ ಆರಂಭವಾಗಬೇಕಿತ್ತು. ಆರಂಭವಾದದ್ದು ಬೀದಿಗೆ ಕಾಣುವ ಮುಂಗೋಡೆಯಿಂದ. ಬಡಾವಣೆಯ ಮನೆಯ ಮುಂದಿನ ಹಾಲಿಗೆ ದೊಡ್ಡ ಕಿಟಕಿ ಬಂತು; ಹಿಂದಿನ ಅಡುಗೆಮನೆಯಲ್ಲಿ ಸೌದೆ ಒಲೆ ಹಾಗೆಯೇ ಉರಿಯಿತು. ಹೊಗೆಯ ಪ್ರಶ್ನೆಯನ್ನು ಎಂಜಿನಿಯರುಗಳು ಗಂಭೀರವಾಗಿ ಎತ್ತಿಕೊಂಡದ್ದು ತೀರಾ ಈಚೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ತಂಡ, ಮೂರು ಪಾತ್ರೆ ಇಡಬಹುದಾದ, ಚಿಮಣಿ ಇರುವ ಅಸ್ತ್ರ ಒಲೆಯನ್ನು ಸಿದ್ಧಪಡಿಸಿ ಹಳ್ಳಿಗಳಿಗೆ ಒಯ್ದಿತು. ಬಡವರ ಮನೆಗೆ ಗ್ಯಾಸ್ ಒಲೆ ಕೊಡುವ ಉಜ್ವಲ ಯೋಜನೆ ಬಂದದ್ದು 2016ರಲ್ಲಿ. ಪ್ಲೇಗಿನ ಕಾಲದಲ್ಲಿ ಮಲಗುವ ಕೋಣೆಯ ಕತ್ತಲೆಗೆ ಬೆಚ್ಚಿಬಿದ್ದ ಆಡಳಿತಕ್ಕೆ ಒಲೆಯ ಮುಂದಿನ ಕತ್ತಲೆ ಕಾಣಲು ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಾಗಾದರೆ ಮಣ್ಣಿನ ಮಾಳಿಗೆಗೆ ಮರಳಬೇಕೆ ಎಂದು ಕೇಳುವವರಿದ್ದಾರೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹೇರಿ ಬಡಿಯುವ ದುಡಿಮೆಗೆ ಈಗ ಆಳು ಸಿಗುವುದಿಲ್ಲ. ತೊಲೆ ಜಂತಿಗೆ ಮರವಿಲ್ಲ. ಆ ಮಾತು ಬಿಡೋಣ. ಪ್ರಶ್ನೆ ಇರುವುದು ಬೆಳಕಿನ ಅಳತೆಯಲ್ಲಿ. ಮೊದಲು 1970ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಲೆಕ್ಕವೇ ಇಲ್ಲಿ ಸಾಕ್ಷಿ. ಕೋಣೆಯ ನೆಲದ ವಿಸ್ತಾರದಲ್ಲಿ ಇಷ್ಟು ಪಾಲು ಕಿಟಕಿ ಇರಬೇಕು ಎನ್ನುವ ಆ ಸಂಹಿತೆ, ಸೆಖೆ ಮತ್ತು ತೇವ ಎರಡೂ ಇರುವ ಸೀಮೆಗೆ ಆರರಲ್ಲಿ ಒಂದು ಪಾಲು ಎನ್ನುತ್ತದೆ. ಒಣ ಸೆಖೆಯ ಸೀಮೆಗೆ ಹತ್ತರಲ್ಲಿ ಒಂದೇ ಸಾಕು ಎನ್ನುತ್ತದೆ. ಕಲಬುರಗಿಯ ಗೌಂಡಿಗೆ ಬಾಯಿಪಾಠವಾಗಿದ್ದ ತಿಳಿವಳಿಕೆ ದೆಹಲಿಯ ಕಡತಕ್ಕೆ ಹೀಗೆ ಮರಳಿ ಬಂದಿದೆ. ವಾಸದ ಮನೆಗಳಿಗಾಗಿ 2018ರಲ್ಲಿ ಹೊರಟ ಎಕೋ ನಿವಾಸ್ ಸಂಹಿತೆ ಇನ್ನೂ ಮುಂದೆ ಹೋಗಿ, ಗೋಡೆ ಕಿಟಕಿಗಳ ಮೂಲಕ ಒಳಗೆ ಬರುವ ಶಾಖಕ್ಕೇ ಮಿತಿ ಹಾಕುತ್ತದೆ. ಆದರೆ ಕಟ್ಟಿಸುವವರಿಗೆ ಈ ಭೇದ ಬೇಡ. ರಾಯಚೂರಿನಲ್ಲೂ ಅದೇ, ಶಿವಮೊಗ್ಗದಲ್ಲೂ ಅದೇ: ಆರ್‌ಸಿಸಿ ತಾರಸಿ, ಪಶ್ಚಿಮಕ್ಕೆ ಆಳೆತ್ತರದ ಗಾಜು, ಮೇಲೊಂದು ಸಜ್ಜಾ ಕೂಡ ಇಲ್ಲ. ಮಾರ್ಚ್ ಕಾಲಿಟ್ಟ ಕೂಡಲೇ ಆ ಗಾಜಿಗೆ ದಪ್ಪ ಪರದೆ ಬೀಳುತ್ತದೆ, ಪರದೆಯ ಹಿಂದೆ ಟ್ಯೂಬ್‌ಲೈಟ್ ಉರಿಯುತ್ತದೆ, ಏಸಿ ಓಡುತ್ತದೆ. ಹಳೆಯ ಮನೆಯ ಮಬ್ಬು ಬಿಟ್ಟಿಯಾಗಿ ಕೊಡುತ್ತಿದ್ದದ್ದಕ್ಕೆ ತಿಂಗಳು ತಿಂಗಳು ಬಿಲ್ಲು ಕಟ್ಟುತ್ತಿದ್ದೇವೆ.

ಬೆಂಗಳೂರಿನ ಸಣ್ಣ ಸೈಟುಗಳ ಸ್ಥಿತಿ ಇದಕ್ಕಿಂತ ವಿಚಿತ್ರ. 20×30 ಅಡಿಯ ಸೈಟಿನಲ್ಲಿ ನಾಲ್ಕೂ ಕಡೆ ಗಡಿಯವರೆಗೆ ಕಟ್ಟಿ, ಮೂರು ನಾಲ್ಕು ಮಹಡಿ ಎಬ್ಬಿಸಿ, ನಡುವೆ ಮೂರಡಿಯ ಡಕ್ಟ್ ಬಿಡುತ್ತಾರೆ. ಮನೆಗೆ ಮೇಲಿನಿಂದ ಬೆಳಕು ಗಾಳಿ ತರುವ ತೊಟ್ಟಿಯ ಕೆಲಸವನ್ನು ಈಗ ಆ ಡಕ್ಟ್ ಮಾಡಬೇಕು. ಅದರಲ್ಲಿ ಬಚ್ಚಲಿನ ಪೈಪು, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಒಣಹಾಕಿದ ಬಟ್ಟೆ ಎಲ್ಲವೂ ಇರುತ್ತವೆ. ಕಿಟಕಿ ಇದೆ, ಅಳತೆಯೂ ನಿಯಮದ ಪ್ರಕಾರವೇ ಇದೆ. ಅದನ್ನು ತೆರೆದರೆ ಎದುರಿಗೆ ಪಕ್ಕದ ಮನೆಯ ಗೋಡೆ. ಅಡುಗೆಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟು ಹಾಕಿಯೇ ತರಕಾರಿ ಹೆಚ್ಚಬೇಕು.